ಕೃಷ್ಣದೇವರಾಯ ಯಾರವನು?

ಹೈದರಾಬಾದಿನ ಟ್ಯಾಂಕ್ ಬಂಡ್ ಮೇಲೆ 1980ರ ದಶಕದಲ್ಲಿ ತೆಲುಗು ಮಹನೀಯರ ಪ್ರತಿಮೆಗಳನ್ನು ನಿಲ್ಲಿಸಿದರು. ಅವರ ಸಾಲಿನಲ್ಲಿ ಶ್ರೀಕೃಷ್ಣದೇವರಾಯನೂ ಇದ್ದಾನೆ. ತಾರ್ನಾಕದ ನಮ್ಮ ನೆರೆಯವರು ‘ಮಾ ರಾಯಲವಾರು’ ಅಂತಾರೆ. ನಾನು ‘ಕನ್ನಡ ರಾಜ್ಯ ರಮಾರಮಣ’ ಎಂಬ ಬಿರುದನ್ನು ನೆನಪಿಸಿದರೆ, ‘ಆಮುಕ್ತಮಾಲ್ಯದ’ ಯಾವ ಭಾಷೆಯ ಕಾವ್ಯ ಸಾರ್ ಎಂದು ಅವರು ಕೇಳ್ತಾರೆ. ಇಬ್ಬರ ದಾಖಲೆಯೂ ಸರಿಯಾಗಿದೆ. ಹಾಗಾದರೆ ಖಾತೆ ಯಾರ ಹೆಸರಿಗೆ?

ರಾಜನ ಚಿತ್ರ ಬರೀ ಅಲಂಕಾರವಲ್ಲ. ಪೆರುವಿನ ಇಂಕಾ ಅರಸರನ್ನು ಸ್ಪೇನಿನವರು 1530ರ ದಶಕದಲ್ಲಿ ಸೋಲಿಸಿದರು. ರಾಜ್ಯ ಹೋದ ಮೇಲೂ ಆ ವಂಶದವರು ತಮ್ಮ ಅರಸರ ಚಿತ್ರಗಳನ್ನು ಜೋಪಾನ ಮಾಡಿಕೊಂಡು ಬಂದರು. 1780ರಲ್ಲಿ ಅಲ್ಲಿ ದೊಡ್ಡ ದಂಗೆಯೆದ್ದಿತು. ಮರುವರ್ಷವೇ ಸ್ಪೇನಿನ ಅಧಿಕಾರಿಗಳು ಆ ಚಿತ್ರಗಳನ್ನು ನಿಷೇಧಿಸಿದರು. ಅಂಥವರು ‘ಇವನು ನಮ್ಮವನು’ ಎಂದು ಹಟ ಹಿಡಿದರೆ ಅದು ನ್ಯಾಯ. ಅವರಿಂದ ಕಿತ್ತುಕೊಂಡವರು ಇದ್ದರು.

ನನ್ನಿಂದ ರಾಯನನ್ನು ಯಾರು ಕಿತ್ತುಕೊಂಡಿದ್ದಾರೆ? ಪಕ್ಕದ ಮನೆಯವರೂ ಅವನನ್ನು ಪ್ರೀತಿಸ್ತಾರೆ, ಅಷ್ಟೇ. ಊರು ಬಿಟ್ಟು ಬಂದವರಿಗೆ ‘ನಮ್ಮದು’ ಅನ್ನುವ ಮಾತು ಬೇಕೇಬೇಕು, ನಿಜ. ಆದರೆ ಅದು ಇನ್ನೊಬ್ಬರ ಬಾಯಿ ಮುಚ್ಚಿಸೋ ಮಾತಾಗಬೇಕೆ?

ತಿರುಮಲೆಯ ಗುಡಿಯಲ್ಲಿ ರಾಯನ ಲೋಹದ ಪ್ರತಿಮೆಯಿದೆ. ಜೊತೆಗೆ ತಿರುಮಲದೇವಿ, ಚಿನ್ನಾದೇವಿ. ಮೂವರೂ ಕೈಮುಗಿದು ನಿಂತಿದ್ದಾರೆ. ಸಾಮ್ರಾಜ್ಯ ಆಳಿದವನು ಅಲ್ಲಿ ಯಾವುದನ್ನೂ ತನ್ನದು ಅನ್ನುತ್ತಿಲ್ಲ. ಕನ್ನಡದವರೂ ತೆಲುಗಿನವರೂ ಒಂದೇ ಸಾಲಿನಲ್ಲಿ ಅವನನ್ನು ದಾಟಿ ಒಳಗೆ ಹೋಗ್ತಾರೆ. ಬ್ಯಾಂಕಿನ ಭಾಷೆಯಲ್ಲೇ ಹೇಳೋದಾದರೆ ಇದು ಜಂಟಿ ಖಾತೆ. ಒಬ್ಬರ ಸಹಿಯಿಂದ ಇನ್ನೊಬ್ಬರ ಸಹಿ ಸುಳ್ಳಾಗೋದಿಲ್ಲ.