ನಗೆಗೆ ಹೆಸರಿಡುವವರು ಯಾರು?

ಹೆನ್ರಿ ಫೌಲರ್ 1926ರಲ್ಲಿ ಪ್ರಕಟಿಸಿದ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ಎಂಬ ಪುಸ್ತಕದಲ್ಲಿ ಒಂದು ಸಣ್ಣ ಕೋಷ್ಟಕವಿದೆ. ನಗೆಗೂ ಅದರ ನೆರೆಯಲ್ಲೇ ಮನೆಮಾಡಿಕೊಂಡಿರುವ ಕಹಿಗೂ ಇಂಗ್ಲಿಷಿನಲ್ಲಿ ಇರುವ ಎಂಟು ಹೆಸರುಗಳನ್ನು ಅವನು ಸಾಲಾಗಿ ನಿಲ್ಲಿಸುತ್ತಾನೆ: ಹ್ಯೂಮರ್, ವಿಟ್, ಸಟೈರ್, ಸಾರ್ಕಸಂ, ಇನ್ವೆಕ್ಟಿವ್, ಐರನಿ, ಸಿನಿಸಿಸಂ, ಸಾರ್ಡಾನಿಕ್. ಒಂದೊಂದಕ್ಕೂ ನಾಲ್ಕು ಪ್ರಶ್ನೆ. ಉದ್ದೇಶ ಏನು, ಕ್ಷೇತ್ರ ಯಾವುದು, ವಿಧಾನ ಏನು, ಕೇಳುಗರು ಯಾರು? ವ್ಯಾಖ್ಯೆಯ ತಂಟೆಗೆ ಅವನು ಹೋಗುವುದಿಲ್ಲ. ಆ ಕುರಿತು ಆಗಲೇ ಬೇಕಾದಷ್ಟು ಬರೆದಾಗಿದೆ, ಮತ್ತೆ ಬರೆಯುವುದು ಅಧಿಕಪ್ರಸಂಗ ಎಂದು ಕೈತೊಳೆದುಕೊಳ್ಳುತ್ತಾನೆ. ವರ್ಷಗಟ್ಟಲೆ ಶಾಲೆಯಲ್ಲಿ ಪಾಠ ಹೇಳಿದವನಿಗೆ ವ್ಯಾಖ್ಯೆಗಿಂತ ಕೋಷ್ಟಕ ಬೇಗ ತಲೆಗೆ ಹೋಗುತ್ತದೆ ಎಂಬುದು ಗೊತ್ತಿದ್ದಿರಬೇಕು.

ಫೌಲರ್ ಪ್ರಕಾರ ಹ್ಯೂಮರ್‌ನ ಉದ್ದೇಶ ಕಂಡುಹಿಡಿಯುವುದು, ಅದರ ಕೇಳುಗರು ಸಹಾನುಭೂತಿ ಉಳ್ಳವರು. ವಿಟ್ ಮಾತು ಮತ್ತು ವಿಚಾರಗಳ ನಡುವೆ ಅಚ್ಚರಿಯ ಬೆಳಕು ಬೀರುತ್ತದೆ, ಅದು ಜಾಣರಿಗಾಗಿ. ಸಾರ್ಕಸಂನ ಉದ್ದೇಶ ನೋಯಿಸುವುದು. ಅದನ್ನು ಕೇಳುವವರು ಇಬ್ಬರು, ಏಟು ತಿಂದವನು ಮತ್ತು ಪಕ್ಕದಲ್ಲಿ ನಿಂತವನು. ಐರನಿ ಒಳಬಳಗಕ್ಕೆ ಮಾತ್ರ. ಉಳಿದವರಿಗೆ ಅದು ಒಗಟು.

ಕೋಷ್ಟಕದಲ್ಲಿ ಉದ್ದೇಶ ಮೊದಲು ಬಂದಿದೆ, ಕೇಳುಗರು ಕೊನೆಗೆ. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಉದ್ದೇಶ ಆಡಿದವನ ಮನಸ್ಸಿನೊಳಗಿನ ಸಂಗತಿ, ಅಲ್ಲಿ ಸಾಕ್ಷಿ ಅವನೊಬ್ಬನೇ. ‘ನಾನು ತಮಾಷೆಗೆ ಹೇಳಿದ್ದು’ ಎಂದು ಜಾರಿಕೊಳ್ಳುವವರೆಲ್ಲ ಹಿಡಿದುಕೊಳ್ಳುವುದು ಈ ಮೊದಲ ಅಂಕಣವನ್ನೇ. ಈ ಎಂಟೂ ನಗೆಯ ಜಾತಿಗಳ ಹೆಸರುಗಳಲ್ಲ, ಆಡಿದವನು, ಗುರಿಯಾದವನು ಮತ್ತು ಕೇಳಿದವನು ಎಂಬ ಮೂವರು ಯಾವ ಯಾವ ಎತ್ತರದಲ್ಲಿ ನಿಂತಿದ್ದಾರೆ ಎಂಬುದರ ಹೆಸರುಗಳು. ಒಂದೇ ವಾಕ್ಯಕ್ಕೆ ಬೆಳಿಗ್ಗೆ ಒಂದು ಹೆಸರು, ಸಂಜೆಗೆ ಇನ್ನೊಂದು ಬರಬಹುದು, ಅಕ್ಷರವೊಂದೂ ಬದಲಾಗದೆ.

ಇದಕ್ಕೆ ಜೇನ್ ಆಸ್ಟಿನ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1815ರ ಕೊನೆಯಲ್ಲಿ ಹೊರಬಂದ ‘ಎಮ್ಮಾ’ ಕಾದಂಬರಿಯಲ್ಲಿ ಊರಿನ ಕೆಲವು ಜನ ಸರ‍್ರಿಯ ಬಾಕ್ಸ್ ಹಿಲ್ ಗುಡ್ಡಕ್ಕೆ ವಿಹಾರ ಹೋಗುತ್ತಾರೆ. ಬೇಸರ ಕಳೆಯಲು ಫ್ರಾಂಕ್ ಚರ್ಚಿಲ್ ಎಂಬ ಯುವಕ ಒಂದು ಆಟ ಹೂಡುತ್ತಾನೆ: ಪ್ರತಿಯೊಬ್ಬರೂ ಬಹಳ ಜಾಣತನದ ಒಂದು ಮಾತು, ಇಲ್ಲವೇ ಸುಮಾರಾದ ಎರಡು, ಅದೂ ಆಗದಿದ್ದರೆ ತೀರಾ ಪೆದ್ದಾದ ಮೂರು ಮಾತು ಹೇಳಬೇಕು. ಮಿಸ್ ಬೇಟ್ಸ್ ಎಂಬ ನಡುವಯಸ್ಸಿನ ಅವಿವಾಹಿತೆ, ಬಾಯಿ ತೆರೆದರೆ ಮುಚ್ಚದ ಸಾಧ್ವಿ, ಹಾಗಾದರೆ ನನಗೆ ಮೂರನೆಯದೇ ಸರಿ ಎಂದು ತನ್ನನ್ನೇ ತಾನು ನಗೆಗೀಡು ಮಾಡಿಕೊಳ್ಳುತ್ತಾಳೆ. ಎಮ್ಮಾ ತಕ್ಷಣ, ಕಷ್ಟವಿರುವುದು ಅಲ್ಲೇ, ಒಂದು ಸಲಕ್ಕೆ ಮೂರಕ್ಕೇ ನಿಲ್ಲಿಸಬೇಕಲ್ಲ ಎನ್ನುತ್ತಾಳೆ. ಮಿಸ್ ಬೇಟ್ಸ್‌ಗೆ ಅದು ಒಡನೆ ಹೊಳೆಯುವುದಿಲ್ಲ. ಹೊಳೆದಾಗ ಅವಳು ಸಿಟ್ಟಾಗುವುದಿಲ್ಲ, ಮುಖ ಸ್ವಲ್ಪ ಕೆಂಪಾಗುತ್ತದೆ ಅಷ್ಟೆ. ಹಳೆಯ ಸ್ನೇಹಿತೆಗೆ ಹೀಗೆ ಹೇಳಬೇಕಾದರೆ ನಾನು ಎಷ್ಟು ಬೇಸರ ಹುಟ್ಟಿಸುತ್ತಿರಬೇಕು ಎಂದು ತಪ್ಪನ್ನು ತನ್ನ ತಲೆಗೇ ಎಳೆದುಕೊಳ್ಳುತ್ತಾಳೆ.

ಎಮ್ಮಾಳ ಮಾತು ವಿಟ್ ಹೌದೇ? ಫೌಲರ್‌ನ ಎಲ್ಲ ಷರತ್ತುಗಳನ್ನೂ ಅದು ಪೂರೈಸುತ್ತದೆ. ಮಾತಿನ ಚಮತ್ಕಾರವಿದೆ, ಅಚ್ಚರಿಯಿದೆ, ಆನಂದಿಸಲು ಜಾಣರು ಎದುರಿಗೇ ಕೂತಿದ್ದಾರೆ. ನೋಯಿಸುವ ಉದ್ದೇಶ ಅವಳಿಗಿರಲಿಲ್ಲ ಎಂಬುದನ್ನೂ ನಂಬಬಹುದು. ನಾಲಿಗೆ ತುದಿಗೆ ಬಂದದ್ದನ್ನು ತಡೆಯಲಾಗಲಿಲ್ಲ. ಆಮೇಲೆ ಅವಳ ಹಳೆಯ ಗೆಳೆಯ ನೈಟ್ಲಿ ಅವಳನ್ನು ತರಾಟೆಗೆ ತೆಗೆದುಕೊಂಡಾಗ ಎಮ್ಮಾ ಕೊಡುವ ಒಂದು ಸಮಜಾಯಿಷಿ ಗಮನಿಸಬೇಕಾದದ್ದು: ಮಿಸ್ ಬೇಟ್ಸ್‌ಗೆ ಬಹುಶಃ ಅರ್ಥವೇ ಆಗಿರಲಿಕ್ಕಿಲ್ಲ. ಎಂದರೆ, ಕೇಳುಗರ ಪಟ್ಟಿಯಿಂದ ಅವಳನ್ನು ತೆಗೆದುಹಾಕಿಬಿಟ್ಟರೆ ನನ್ನ ಮಾತು ಶುದ್ಧ ವಿಟ್ ಆಗಿ ಉಳಿಯುತ್ತದೆ. ನೈಟ್ಲಿ ಇದನ್ನು ಒಪ್ಪುವುದಿಲ್ಲ. ಅವಳಿಗೆ ಪೂರ್ತಿ ಅರ್ಥವಾಗಿದೆ ಎನ್ನುತ್ತಾನೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಸಣ್ಣದಲ್ಲ. ಹೆಸರಿಡುವ ಹಕ್ಕನ್ನು ನೊಂದವರ ಕೈಗೆ ಕೊಟ್ಟರೆ ಯಾವ ಹಾಸ್ಯ ಉಳಿದೀತು? ಮುಟ್ಟಿದರೆ ಮುನಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ನೈಟ್ಲಿಯ ವಾದವನ್ನು ಮತ್ತೊಮ್ಮೆ ಓದಿದರೆ ಅದು ನೋವಿನ ಮೇಲೆ ನಿಂತಿಲ್ಲ ಎಂಬುದು ಕಾಣುತ್ತದೆ. ಮಿಸ್ ಬೇಟ್ಸ್ ನಿನ್ನ ಸಮಕ್ಕೆ ಶ್ರೀಮಂತಳಾಗಿದ್ದರೆ ನಾನು ಈ ಮಾತನ್ನು ಎತ್ತುತ್ತಲೇ ಇರಲಿಲ್ಲ ಎನ್ನುತ್ತಾನೆ ಅವನು. ಅವಳು ಬಡವಿ, ಹುಟ್ಟಿದಾಗಿನ ಸ್ಥಿತಿಯಿಂದ ಇಳಿದು ಬಂದವಳು, ಇನ್ನೂ ಇಳಿಯಬೇಕಾದವಳು. ನೀನು ಮಗುವಾಗಿದ್ದಾಗ ಅವಳು ನಿನ್ನ ಕಡೆ ನೋಡಿದರೆ ಅದೇ ನಿನಗೆ ಗೌರವವಾಗಿತ್ತು. ಸಾಲದ್ದಕ್ಕೆ, ಅವಳ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ನಿನ್ನನ್ನು ನೋಡಿ ಕಲಿಯುವವರ ಎದುರಿಗೇ ನೀನು ಹೀಗೆ ಆಡಿದೆ. ಇದರಲ್ಲಿ ಒಂದಾದರೂ ಮಿಸ್ ಬೇಟ್ಸ್‌ಳ ಎದೆಯೊಳಗೆ ಇಣುಕಿ ತಿಳಿಯಬೇಕಾದ ಸಂಗತಿಯಲ್ಲ. ಊರಿನವರೆಲ್ಲ ಬಲ್ಲದ್ದು. ಹಾಗಾಗಿ ಹೆಸರಿಡುವವರು ಆಡಿದವರೂ ಅಲ್ಲ, ನೊಂದವರೂ ಅಲ್ಲ. ಇಬ್ಬರ ಎತ್ತರವನ್ನೂ ಬಲ್ಲ ಮೂರನೆಯವರು. ಅವರು ಕೇಳಬೇಕಾದದ್ದು ‘ನೋವಾಯಿತೇ’ ಎಂದಲ್ಲ, ‘ತಿರುಗಿ ಹೇಳುವ ಸ್ಥಿತಿಯಲ್ಲಿ ಇದ್ದರೇ’ ಎಂದು. ಸಮಬಲರ ನಡುವೆ ವಿಟ್ ಆಗಿದ್ದದ್ದು, ತಿರುಗಿ ಹೇಳಲಾಗದವರ ಮೇಲೆ ಬಿದ್ದಾಗ ಸಾರ್ಕಸಂ.

(ಭರತನ ನಾಟ್ಯಶಾಸ್ತ್ರದ ಆರು ನಗೆಗಳು, ಸ್ಮಿತದಿಂದ ಅತಿಹಸಿತದವರೆಗೆ, ಉತ್ತಮ, ಮಧ್ಯಮ, ಅಧಮ ಎಂದು ನಗುವವರ ದರ್ಜೆಗೆ ತಕ್ಕಂತೆ ಹಂಚಿಕೆಯಾಗಿವೆ. ಹಲ್ಲು ಕಾಣದ ನಸುನಗೆ ಉತ್ತಮರದು. ಆ ಲೆಕ್ಕದಲ್ಲಿ ಬಾಕ್ಸ್ ಹಿಲ್‌ನ ಎಮ್ಮಾ ನಿಸ್ಸಂಶಯವಾಗಿ ಉತ್ತಮಳು!)

ಮೂರನೆಯವನಿಗೇ ಆಡಿದವನು ಎಲ್ಲಿ ನಿಂತಿದ್ದಾನೆ ಎಂದು ತಿಳಿಯದೆ ಹೋದರೆ? 1702ರ ಡಿಸೆಂಬರಿನಲ್ಲಿ ಡೇನಿಯಲ್ ಡೀಫೋ ಹೆಸರು ಹಾಕದೆ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಅಧಿಕೃತ ಚರ್ಚಿಗೆ ಸೇರದ ಪ್ರಾಟೆಸ್ಟಂಟರನ್ನು ಮಟ್ಟಹಾಕಲು ಗಡೀಪಾರು, ಗಲ್ಲುಗಳೇ ಹತ್ತಿರದ ದಾರಿ ಎಂದು ಚರ್ಚಿನ ಉಗ್ರ ಪಕ್ಷದ ದನಿಯಲ್ಲೇ ಬರೆದಿದ್ದ. ಡೀಫೋ ಸ್ವತಃ ಆ ಸೇರದವರಲ್ಲೊಬ್ಬ. ಉಗ್ರರು ಅದನ್ನು ನಿಜವೆಂದೇ ಓದಿ ಮೆಚ್ಚಿದರು, ಅವನ ಕಡೆಯವರು ನಿಜವೆಂದೇ ಓದಿ ಹೆದರಿದರು. ಬರೆದವನು ಯಾರೆಂದು ಹೊರಬಿದ್ದಾಗ ಎರಡೂ ಕಡೆಯವರು ಸಿಟ್ಟಾದರು. 1703ರ ಜುಲೈ ಕೊನೆಯಲ್ಲಿ ಲಂಡನ್ನಿನ ಬೀದಿಗಳಲ್ಲಿ ಮೂರು ದಿನ ಅವನ ಕೊರಳನ್ನು ದಂಡನೆಯ ಹಲಗೆಗೆ ಸಿಕ್ಕಿಸಿ ನಿಲ್ಲಿಸಿದರು. ಓದುಗರು ದಡ್ಡರು ಎಂದು ಇದನ್ನು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಐರನಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಇಟ್ಟವರು ಯಾವ ಮನೆಯವರೆಂದು ಗೊತ್ತಿದ್ದರೆ ಮಾತ್ರ ಬೆಳಕು ಯಾರಿಗೆಂದು ತಿಳಿಯುತ್ತದೆ. ಅನಾಮಿಕ ಹೊತ್ತಗೆಯಲ್ಲಿ ಆ ಗುರುತೇ ಅಳಿಸಿಹೋಗಿತ್ತು. ಬರೆದವರ ಹೆಸರು ಉದುರಿ ಮೊಬೈಲಿನಿಂದ ಮೊಬೈಲಿಗೆ ಹಾರುವ ಇಂದಿನ ವಾಟ್ಸ್ಆ್ಯಪ್ ವ್ಯಂಗ್ಯಗಳೂ ಇದೇ ಗತಿ ಕಾಣುತ್ತವೆ. ಒಳಬಳಗಕ್ಕೆಂದು ಹೊರಟದ್ದು ಮೂರನೆಯ ಗುಂಪು ತಲುಪುವಷ್ಟರಲ್ಲಿ ಸುದ್ದಿಯಾಗಿರುತ್ತದೆ.

ಜೊನಾಥನ್ ಸ್ವಿಫ್ಟ್ 1729ರಲ್ಲಿ ಡಬ್ಲಿನ್ನಿನಿಂದ ಹೊರಡಿಸಿದ ‘ಎ ಮಾಡೆಸ್ಟ್ ಪ್ರೊಪೋಸಲ್’ ಕೂಡ ಅನಾಮಿಕವೇ. ಆದರೆ ಬಡವರ ವರ್ಷದ ಕೂಸುಗಳನ್ನು ಉಳ್ಳವರ ಊಟದ ಮೇಜಿಗೆ ಮಾರುವ ಸಲಹೆ ಎಷ್ಟು ಅತಿಯೆಂದರೆ, ಬರೆದವನು ಯಾವ ಕಡೆ ನಿಂತಿದ್ದಾನೆಂದು ಆ ಅತಿಯೇ ಕೂಗಿ ಹೇಳುತ್ತದೆ. ಸಟೈರ್‌ನ ಕೇಳುಗರು ಆತ್ಮತೃಪ್ತರು ಎನ್ನುತ್ತಾನೆ ಫೌಲರ್. ತೊಡಕೆಂದರೆ ಸಟೈರ್ ಎಂಬ ಕನ್ನಡಿಯಲ್ಲಿ ಎಲ್ಲರಿಗೂ ಊರವರ ಮುಖ ಕಾಣುತ್ತದೆ, ತಮ್ಮದೊಂದು ಬಿಟ್ಟು. ಇದನ್ನು ಸ್ವಿಫ್ಟನೇ ಬಹಳ ಮೊದಲು ಹೇಳಿದ್ದ. ಎಂಟು ಹೆಸರುಗಳಲ್ಲಿ ತನ್ನ ಕೇಳುಗರನ್ನು ತಲುಪುವ ಭರವಸೆ ಅತಿ ಕಡಿಮೆ ಇರುವುದು ಸಟೈರ್‌ಗೇ.

ಕೊನೆಯದು ಸಾರ್ಡಾನಿಕ್. ಅದರ ಕ್ಷೇತ್ರ ಸಂಕಷ್ಟ, ಕೇಳುಗ ತಾನೇ. ಫ್ರಾಯ್ಡ್ 1927ರಲ್ಲಿ ಹಾಸ್ಯದ ಮೇಲೆ ಬರೆದ ಪುಟ್ಟ ಪ್ರಬಂಧದಲ್ಲಿ ಒಬ್ಬ ಕೈದಿ ಬರುತ್ತಾನೆ. ಸೋಮವಾರ ಬೆಳಿಗ್ಗೆ ಗಲ್ಲಿಗೆ ಕರೆದೊಯ್ಯುವಾಗ, ವಾರವೇನೋ ಚೆನ್ನಾಗಿ ಶುರುವಾಯಿತು ಎನ್ನುತ್ತಾನೆ. ಫ್ರಾಯ್ಡ್‌ಗೆ ಇದು ಹ್ಯೂಮರ್: ಹೆದರಿದ ಮಗುವನ್ನು ಹಿರಿಯರು ಸಂತೈಸುವಂತೆ ಮನಸ್ಸಿನ ಒಂದು ಭಾಗ ಇನ್ನೊಂದನ್ನು ಸಂತೈಸುತ್ತಿದೆ. ಫೌಲರ್‌ನ ಕೋಷ್ಟಕದಂತೆ ಇದು ಸಾರ್ಡಾನಿಕ್ ಆಗಬೇಕು. ಪಕ್ಕದ ಕಾವಲುಗಾರನಿಗೆ ಇದನ್ನು ಇತ್ಯರ್ಥ ಮಾಡಲಾಗದು. ಅಳೆಯಲು ಇಬ್ಬರೇ ಇಲ್ಲ, ಆಡಿದವನೂ ಗುರಿಯಾದವನೂ ಒಬ್ಬನೇ. ನಾನು ಇಲ್ಲಿಯವರೆಗೆ ಆಡಿದವನಿಗೆ ಕೊಡಲು ಒಪ್ಪದ ಹಕ್ಕನ್ನು ಇವನೊಬ್ಬನಿಗೆ ಕೊಡಲೇಬೇಕು. ಆದರೆ ಕೇಳಿ ತಿಳಿಯೋಣವೆಂದರೆ ಅವನಿಗೆ ಮಂಗಳವಾರವಿಲ್ಲ.