ಸವಾರನ ಉಡುಪೂ ಆಚಾರಧರ್ಮವೂ

ಪೂರ್ವಿಕರಿಂದ ಬಂದ ಆಚಾರವನ್ನು ಕಾರ್ಯಸೌಕರ್ಯಕ್ಕಾಗಿ ಬದಲಾಯಿಸಬಹುದೆ, ಬದಲಾಯಿಸಿದರೆ ಧರ್ಮಕ್ಕೆ ಚ್ಯುತಿ ಒದಗುವುದಿಲ್ಲವೆ ಎಂಬ ಪ್ರಶ್ನೆಯನ್ನು ನಾವು ಸಾಧಾರಣವಾಗಿ ವಿವಾಹ, ಉಪನಯನ, ಆಹಾರನಿಯಮಗಳಂಥ ವಿಷಯಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುತ್ತೇವೆ. ಆದರೆ ಈ ಪ್ರಶ್ನೆಯು ಒಂದು ರಾಜ್ಯದ ಅಳಿವು ಉಳಿವುಗಳನ್ನೇ ಪಣವಾಗಿಟ್ಟು ಅತ್ಯಂತ ಸ್ಫುಟವಾಗಿ ಎದ್ದು ನಿಂತದ್ದು, ಕುದುರೆಯ ಸವಾರನು ಕಾಲಿಗೆ ಏನನ್ನು ತೊಡಬೇಕು ಎಂಬ ಅಲ್ಪವೆಂದು ತೋರುವ ಸಂಗತಿಯಲ್ಲಿ.

ಸವಾರನ ಆಸನವಿರುವುದು ಅವನ ಒಳತೊಡೆ ಮತ್ತು ಮೊಣಕಾಲುಗಳಲ್ಲಿ. ಉಡುಪು ಸಡಿಲವಾಗಿದ್ದರೆ ಅದರ ನೆರಿಗೆಗಳು ತೊಡೆಗೂ ಜೀನಿಗೂ ನಡುವೆ ಸಿಕ್ಕಿ, ಹರದಾರಿ ಕಳೆಯುವುದರೊಳಗೆ ಚರ್ಮವನ್ನು ಉಜ್ಜಿ ಹುಣ್ಣುಮಾಡುತ್ತವೆ. ಅತಿಯಾಗಿ ಬಿಗಿದದ್ದಾದರೆ ಸೊಂಟವನ್ನೂ ಮೊಣಕಾಲನ್ನೂ ಮಡಿಸಗೊಡದು. ನೋವಿನಿಂದ ಸವಾರನು ಓರೆಯಾಗಿ ಕುಳಿತನೆಂದರೆ ಅದರ ಭಾರವನ್ನು ಹೊರಬೇಕಾದದ್ದು ಮಾತಿಲ್ಲದ ಪ್ರಾಣಿಯ ಬೆನ್ನು. ಮಧ್ಯ ಏಷ್ಯದ ತುರ್ಫಾನ್ ಪ್ರಾಂತದ ಯಾಂಗ್‌ಹಾಯ್ ಸಮಾಧಿಗಳಲ್ಲಿ ದೊರೆತ ಸುಮಾರು 3000 ವರ್ಷಗಳ ಹಿಂದಿನ ಉಣ್ಣೆಯ ಷರಾಯಿಯಲ್ಲಿ, ಎರಡು ನೆಟ್ಟನೆಯ ಕಾಲುಗಳ ನಡುವೆ ಅಗಲವಾದ ತುಂಡೊಂದನ್ನು ಸೇರಿಸಿ, ಕಾಲು ಅಗಲಿಸಿ ಕೂರುವುದಕ್ಕೆ ಎಡೆಮಾಡಿದ್ದಾರೆ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಇಂಗ್ಲೆಂಡಿಗೆ ಹೋದ ಜೋಧಪುರದ ಸರ್ ಪ್ರತಾಪ ಸಿಂಹರು ಅಲ್ಲಿನವರಿಗೆ ಪರಿಚಯಿಸಿದ ಷರಾಯಿಯೂ ತೊಡೆಯಲ್ಲಿ ವಿಶಾಲವಾಗಿ, ಮೊಣಕಾಲಿನಿಂದ ಕೆಳಗೆ ಬಿಗಿಯಾಗಿ ಇದೇ ಅಗತ್ಯಕ್ಕೆ ಉತ್ತರವಿತ್ತಿತು. ದೇಹಧರ್ಮವು ಎಲ್ಲ ಕಾಲದಲ್ಲಿಯೂ ಒಂದೇ. ಅದನ್ನು ಮನ್ನಿಸಲು ಸಮಾಜದ ಮನಸ್ಸು ಒಪ್ಪುವುದೊಂದೇ ಕಷ್ಟ.

ಆ ಕಷ್ಟವನ್ನು ಕ್ರಿ. ಪೂ. 307ರಲ್ಲಿ ಎದುರಿಸಿದವನು ಚೀನದ ಉತ್ತರಭಾಗದ ಝಾವೋ ರಾಜ್ಯದ ದೊರೆ ವೂಲಿಂಗ. ನಿಲುವಂಗಿ, ಅಗಲವಾದ ತೋಳು, ರಥಯುದ್ಧ ಇವು ಕುಲೀನರ ಗೌರವಚಿಹ್ನೆಗಳಾಗಿದ್ದ ಆ ನಾಡಿನ ಗಡಿಯಾಚೆ, ಷರಾಯಿ ತೊಟ್ಟು ಕುದುರೆಯ ಮೇಲಿನಿಂದಲೇ ಬಾಣ ಬಿಡುತ್ತಿದ್ದ ಹೂ ಜನರಿದ್ದರು. ಅವರ ಉಡುಪನ್ನೂ ಅವರ ಅಶ್ವವಿದ್ಯೆಯನ್ನೂ ಸ್ವೀಕರಿಸದೆ ರಾಜ್ಯವನ್ನು ಕಾಪಾಡುವುದು ಅಸಾಧ್ಯವೆಂದು ದೊರೆ ನಿಶ್ಚಯಿಸಿದಾಗ, ಅವನ ಚಿಕ್ಕಪ್ಪನಾದ ರಾಜಕುಮಾರ ಚೆಂಗ್ ಅನಾರೋಗ್ಯದ ನೆಪದಿಂದ ಆಸ್ಥಾನಕ್ಕೆ ಬಾರದೆ ಉಳಿದನು. ತಮ್ಮ ದೇಶವು ಋಷಿಸಮಾನರಾದ ಪೂರ್ವಿಕರು ಬೋಧಿಸಿದ ನೆಲ, ಕಾವ್ಯ ಸಂಗೀತ ಸಂಸ್ಕಾರಗಳ ನೆಲೆ. ದೂರದ ಜನರು ನೋಡಿ ಕಲಿಯಬೇಕಾದ ಆ ನಡೆಯನ್ನು ತೊರೆದು ಅವರ ಉಡುಪನ್ನೇ ತೊಡುವುದು ಪರಂಪರೆಗೂ ಜನಮನಕ್ಕೂ ವಿರುದ್ಧವೆಂಬುದು ಅವನ ಆಕ್ಷೇಪ.

ಈ ಆಕ್ಷೇಪವನ್ನು ಮೂಢತೆಯೆಂದು ತಳ್ಳಿಬಿಡುವುದು ಅನ್ಯಾಯ. ಮನುಷ್ಯನ ವಿನಯವೂ ಸಂಯಮವೂ ಬಹುಮಟ್ಟಿಗೆ ಬಾಹ್ಯನಿಯಮಗಳ ಆಶ್ರಯದಲ್ಲಿಯೇ ಬೆಳೆಯುತ್ತವೆ; ಇಂದು ಉಡುಪನ್ನು ಬಿಟ್ಟವರು ನಾಳೆ ಅದರೊಡನೆ ಬಂದ ಗಾಂಭೀರ್ಯವನ್ನೂ ಬಿಟ್ಟಾರೆಂಬ ಭಯ ನಿರಾಧಾರವಾದುದಲ್ಲ. ದೊರೆಯೂ ಅದನ್ನು ತಳ್ಳಲಿಲ್ಲ. ಆಜ್ಞೆಯೊಂದರಿಂದ ಮುಗಿಸಬಹುದಾಗಿದ್ದ ಕಾರ್ಯಕ್ಕೆ ತಾನೇ ಚಿಕ್ಕಪ್ಪನ ಮನೆಗೆ ಹೋಗಿ, ಉಡುಪು ಬಳಕೆಯ ಅನುಕೂಲಕ್ಕಾಗಿ ಹುಟ್ಟಿತೆಂದೂ, ಪೂರ್ವಿಕರು ಆಯಾ ನೆಲದ ಸ್ಥಿತಿಯನ್ನು ನೋಡಿಯೇ ನಿಯಮಗಳನ್ನು ರಚಿಸಿದರೆಂದೂ, ಆದುದರಿಂದ ನಾಡಿನಿಂದ ನಾಡಿಗೆ ನಡೆ ಬೇರೆಯಾದರೂ ಜನಹಿತವೆಂಬ ಉದ್ದೇಶ ಒಂದೇ ಎಂದೂ ವಿವರಿಸಿದನು. ಚೆಂಗ್ ಒಪ್ಪಿ, ಮರುದಿನ ಆ ಹೊಸ ಉಡುಪಿನಲ್ಲಿಯೇ ಆಸ್ಥಾನಕ್ಕೆ ಬಂದನೆಂದು ಇತಿಹಾಸಕಾರ ಸೀಮಾ ಚಿಯೆನ್ ಬರೆದಿದ್ದಾನೆ. ಆಚಾರವನ್ನು ಬದಲಾಯಿಸುವ ರೀತಿಯೂ ಆಚಾರಕ್ಕೆ ಒಳಪಟ್ಟದ್ದೇ ಎಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ತೋರುವ ದೃಷ್ಟಾಂತವನ್ನು ನಾನು ಕಾಣೆ.

ಭಾರತದಲ್ಲಿ ಇದೇ ಪ್ರಶ್ನೆ ದೇವಾಲಯದ ಒಳಗೇ ಪರಿಹಾರ ಪಡೆಯಿತು. ಮಥುರೆಯ ಬಳಿಯ ಮಾಟ್ ಎಂಬಲ್ಲಿ ದೊರೆತ ಕನಿಷ್ಕನ ಶಿರೋಹೀನ ಪ್ರತಿಮೆಯಲ್ಲಿ ಉದ್ದನೆಯ ನಿಲುವಂಗಿಯನ್ನೂ ಭಾರವಾದ ಬೂಟುಗಳನ್ನೂ ಕಾಣುತ್ತೇವೆ. ಅದು ಉತ್ತರದ ಹುಲ್ಲುಗಾವಲುಗಳ ಅಶ್ವಾರೋಹಿಯ ವೇಷ. ಆ ವೇಷವೇ ಉತ್ತರಭಾರತದ ಸೂರ್ಯಪ್ರತಿಮೆಗಳಿಗೂ ಬಂದಿತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಸೂರ್ಯನಿಗೆ ಔತ್ತರೇಯರ ಉಡುಪನ್ನೇ ವಿಧಿಸಿ, ಪಾದದಿಂದ ಎದೆಯವರೆಗೆ ಮೈ ಮುಚ್ಚಿರಬೇಕೆಂದನು. ಹದಿಮೂರನೆಯ ಶತಮಾನದ ಕೋಣಾರ್ಕದಲ್ಲಿಯೂ ಸೂರ್ಯನು ಬೂಟು ತೊಟ್ಟೇ ನಿಂತಿದ್ದಾನೆ. ಭಕ್ತನು ಪಾದರಕ್ಷೆಯನ್ನು ಹೊರಗೆ ಬಿಟ್ಟು ಬರಬೇಕಾದ ಸನ್ನಿಧಿಯಲ್ಲಿ ದೇವರ ಕಾಲಿನ ಮೇಲೆ ಪಾದರಕ್ಷೆಯುಂಟು! ಇತ್ತ ದಕ್ಷಿಣದ ಶಿಲ್ಪಿಗಳು ಸಾಮಾನ್ಯವಾಗಿ ಅದೇ ದೇವರನ್ನು ಬರಿಗಾಲಿನವನನ್ನಾಗಿ ಕಡೆದರು. ಈ ಭೇದದಿಂದ ಯಾರ ಅರ್ಘ್ಯವೂ ವ್ಯರ್ಥವಾಗಲಿಲ್ಲ. ಪರಕೀಯವೆಂಬುದು ವಸ್ತುವಿನ ನಿತ್ಯಗುಣವಲ್ಲ. ಶ್ರದ್ಧೆಯಿಂದ ಸ್ವೀಕರಿಸಿದುದು ಕಾಲಕ್ರಮದಲ್ಲಿ ಶಾಸ್ತ್ರವೇ ಆಗುತ್ತದೆ.

ಆದರೂ ಉಡುಪಿನ ಸುಧಾರಣೆಯಿಂದ ಮನುಷ್ಯನು ಸುಧಾರಿಸಿದನೆಂದು ಭಾವಿಸಬಾರದು. ವೂಲಿಂಗನ ಅಶ್ವಸೇನೆ ಗೆದ್ದಿತು, ರಾಜ್ಯ ವಿಸ್ತಾರವಾಯಿತು; ಆದರೆ ಉತ್ತರಾಧಿಕಾರದ ವಿಷಯದಲ್ಲಿ ಮಕ್ಕಳ ನಡುವೆ ಅವನ ಮನಸ್ಸು ಹೊಯ್ದಾಡಿ, ಕಲಹವೆದ್ದು, ಕ್ರಿ. ಪೂ. 295ರಲ್ಲಿ ಅವನು ಶಾಚಿಯು ಅರಮನೆಯಲ್ಲಿ ಸೆರೆಸಿಕ್ಕಂತಾಗಿ ಅನ್ನವಿಲ್ಲದೆ ಸತ್ತನು; ಆ ಅರಮನೆಯನ್ನು ಮುತ್ತಿದವರಲ್ಲಿ ಅದೇ ಚೆಂಗ್ ಒಬ್ಬನು. ಇಂದ್ರಿಯಗಳನ್ನು ಕುದುರೆಗಳೆಂದೂ ಮನಸ್ಸನ್ನು ಲಗಾಮೆಂದೂ ಹೇಳುವ ಕಠೋಪನಿಷತ್ತಿನ ದೃಷ್ಟಿಯಿಂದ ನೋಡಿದರೆ, ಹೊರಗಿನ ಕುದುರೆಗೆ ತಕ್ಕ ಉಡುಪನ್ನು ಆರಿಸಿದ ದೊರೆ ಒಳಗಿನ ಲಗಾಮನ್ನು ಬಿಗಿಹಿಡಿಯಲಾರದೆ ಹೋದನು.

ಆದಕಾರಣ ಆಚಾರದಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಇದು ಯಾರ ಹಿತಕ್ಕಾಗಿ ಹುಟ್ಟಿತು, ಆ ಹಿತವನ್ನು ಇಂದಿಗೂ ಸಾಧಿಸುತ್ತಿದೆಯೆ? ಸಾಧಿಸದಿದ್ದಲ್ಲಿ, ಹಿರಿಯರ ಮನೆಗೆ ಹೋಗಿ ಮಾತಾಡುವಷ್ಟು ವಿನಯದಿಂದ ಅದನ್ನು ಬದಲಾಯಿಸುವುದು ಅಧರ್ಮವಲ್ಲ. ಸತ್ಯ, ದಯೆ, ಸಂಯಮಗಳಾದರೋ ಯಾವ ದೇಶದ ಉಡುಪೂ ಅಲ್ಲ. ಸೌಕರ್ಯದ ಹೆಸರಿನಲ್ಲಿ ಅವುಗಳನ್ನು ಕಳಚುವ ಅಧಿಕಾರ ದೊರೆಗೂ ಇಲ್ಲ, ಪ್ರಜೆಗೂ ಇಲ್ಲ.