ಬಂಗು ತೆಗೆಸಿಕೊಳ್ಳುವುದು ತಣ್ಹಾ ಆಗುತ್ತದೆಯೇ?

 

ದಿನವೂ ನೆನೆಯಬೇಕಾದ ಐದು ವಿಷಯಗಳನ್ನು ಭಗವಾನ್ ಬುದ್ಧರು ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾರೆ. ಮುಪ್ಪು, ಕಾಯಿಲೆ, ಸಾವು, ಪ್ರಿಯರ ಅಗಲಿಕೆ, ನಮ್ಮ ಕರ್ಮಕ್ಕೆ ನಾವೇ ವಾರಸುದಾರರು ಎಂಬುದು. ಹೆಣ್ಣಾಗಲಿ ಗಂಡಾಗಲಿ, ಮನೆಯಲ್ಲಿರುವವರಾಗಲಿ ಮನೆ ಬಿಟ್ಟವರಾಗಲಿ, ಎಲ್ಲರಿಗೂ ಇದು ಅನ್ವಯ. ನಮ್ಮಲ್ಲಿ ಬಹಳ ಮಂದಿಗೆ ಇದು ಬಾಯಿಪಾಠ. ಬಾಯಿಪಾಠವಾದ ಮಾತಿನ ತೊಂದರೆಯೆಂದರೆ ಅದು ತಟ್ಟನೆ ನಾಲಿಗೆಗೆ ಬರುತ್ತದೆ, ಅದೂ ಹೆಚ್ಚಾಗಿ ಬೇರೆಯವರ ವಿಷಯದಲ್ಲಿ.

ಕಳೆದ ತಿಂಗಳು ನಮ್ಮ ಗುಂಪಿನಲ್ಲಿ ಆದದ್ದೂ ಹಾಗೆಯೇ. ನಮ್ಮ ಅಕ್ಕ ಒಬ್ಬರು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಖೊಖೊ ತನಕ ಬಯಲಲ್ಲೇ ನಿಂತವರು. ಈಗ ಕೆನ್ನೆ, ಹಣೆಯ ಮೇಲೆ ಬಂಗು. ಕಣ್ಣಿನ ಸುತ್ತ ಚರ್ಮ ಒರಟಾಗಿ ಸುಕ್ಕುಗಟ್ಟಿದೆ. ಚರ್ಮದ ಡಾಕ್ಟರು ಕೆಮಿಕಲ್ ಪೀಲ್ ಮಾಡೋಣ ಎಂದಿದ್ದರು. ಮಾಡಿಸಿಕೊಳ್ಳಲೋ ಬೇಡವೋ ಎಂದು ಅಕ್ಕ ಕೇಳಿದರು. ಹತ್ತು ನಿಮಿಷದಲ್ಲಿ ಮೂರು ಉತ್ತರ ಬಂದವು: ಇದು ತಣ್ಹಾ, ಅನಿತ್ಯವನ್ನು ಒಪ್ಪಿಕೊಳ್ಳಿ, ಈ ವಯಸ್ಸಿಗೆ ಯಾಕೆ ಬೇಕು. ಮೂರನೆಯದು ಧಮ್ಮವೇ ಅಲ್ಲ, ಊರ ಕಟ್ಟೆಯ ಮಾತು.

ಪೀಲ್ ಎಂದರೆ ಏನೆಂದು ಮೊದಲು ತಿಳಿಯೋಣ. ಮುಖಕ್ಕೆ ಆಮ್ಲ ಹಚ್ಚಿ ಮೇಲಿನ ಪದರವನ್ನು ಸಡಿಲಿಸುತ್ತಾರೆ. ಆಮ್ಲ ಗಟ್ಟಿಯಾದಷ್ಟೂ ಅದು ಸುಡುತ್ತದೆ. ಕೆಲವು ದಿನಗಳಲ್ಲಿ ಹೊಟ್ಟಿನಂತೆ ಸಿಪ್ಪೆ ಎದ್ದು ಕೆಳಗಿನಿಂದ ಹೊಸ ಚರ್ಮ ಬರುತ್ತದೆ. ವಿದ್ಯೆ ಹಳೆಯದೇ. ಜರ್ಮನಿಯ ಚರ್ಮವೈದ್ಯ ಉನ್ನಾ 1882ರಲ್ಲೇ ಸ್ಯಾಲಿಸಿಲಿಕ್ ಆಮ್ಲ, ಟ್ರೈಕ್ಲೋರೋಅಸಿಟಿಕ್ ಆಮ್ಲ, ಫೀನಾಲ್‌ಗಳ ಗುಣವನ್ನು ಬರೆದಿದ್ದರು. ಹಗುರವಾದ ಪೀಲ್‌ಗೆ ಬಳಸುವ ಗ್ಲೈಕೋಲಿಕ್ ಆಮ್ಲ ಕಬ್ಬಿನಲ್ಲಿದೆ, ಲ್ಯಾಕ್ಟಿಕ್ ಆಮ್ಲ ಮೊಸರಿನಲ್ಲಿದೆ. (ಅಜ್ಜಿಯಂದಿರು ಮೊಸರು, ಕಡಲೆಹಿಟ್ಟು ಹಚ್ಚಿಕೊಂಡಾಗ ಯಾರೂ ತಣ್ಹಾ ಎನ್ನಲಿಲ್ಲ ನೋಡಿ.) ಟ್ರೈಕ್ಲೋರೋಅಸಿಟಿಕ್ ಇನ್ನೂ ಆಳಕ್ಕೆ ಇಳಿಯುತ್ತದೆ, ಬಿಸಿಲಿನಿಂದಾಗಿ ಮುಂದೆ ಕ್ಯಾನ್ಸರ್ ಆಗಬಹುದಾದ ಒರಟು ಕಲೆಗಳಿಗೂ ಅದನ್ನು ಹಚ್ಚುತ್ತಾರೆ. ಅಂಥ ಕಲೆಗಳು ಬಿಳಿ ಚರ್ಮದವರಲ್ಲೇ ಹೆಚ್ಚು. ಫೀನಾಲ್ ಎಲ್ಲಕ್ಕಿಂತ ಆಳ. ಅದು ರಕ್ತಕ್ಕೆ ಸೇರಿ ಹೃದಯದ ಬಡಿತ ತಪ್ಪಿಸಬಹುದು, ಆದ್ದರಿಂದ ಇಸಿಜಿ ನೋಡುತ್ತಲೇ ಮಾಡಬೇಕು. ನಮ್ಮಂಥ ಕಂದು ಚರ್ಮಕ್ಕೆ ಬೇರೆಯೇ ಅಪಾಯ: ಹದ ತಪ್ಪಿದರೆ ಮೊದಲಿಗಿಂತ ಕಪ್ಪಾದ ಕಲೆ ಉಳಿಯುತ್ತದೆ. ಹಾಗಾಗಿ ಹಗುರವಾದದ್ದನ್ನೇ ಎರಡು ಮೂರು ವಾರ ಬಿಟ್ಟು ಹಲವು ಸಲ ಮಾಡುತ್ತಾರೆ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ತಪ್ಪಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಬಾಟಲಿ ತರಿಸಿ ಮನೆಯಲ್ಲಿ ಹಚ್ಚಿಕೊಳ್ಳುವ ಸಾಹಸ ಯಾರೂ ಮಾಡಬೇಡಿ.

ಈಗ ಧಮ್ಮಕ್ಕೆ ಬರೋಣ. ಮಿಲಿಂದ ಪಞ್ಹದಲ್ಲಿ ರಾಜ ಕೇಳುತ್ತಾನೆ, ಭಿಕ್ಷುಗಳಿಗೆ ಶರೀರ ಪ್ರಿಯವೇ ಎಂದು. ಅಲ್ಲ ಎನ್ನುತ್ತಾರೆ ನಾಗಸೇನರು. ಹಾಗಾದರೆ ಅದನ್ನು ಯಾಕೆ ಸಲಹುತ್ತೀರಿ? ನಾಗಸೇನರು ತಿರುಗಿ ಕೇಳುತ್ತಾರೆ: ಯುದ್ಧದಲ್ಲಿ ಬಾಣ ತಾಗಿದಾಗ ಗಾಯಕ್ಕೆ ಲೇಪ ಹಚ್ಚಿ, ಎಣ್ಣೆ ಸವರಿ, ಬಟ್ಟೆ ಕಟ್ಟಿದಿರಲ್ಲ, ಗಾಯ ನಿಮಗೆ ಪ್ರಿಯವಾಗಿತ್ತೇ? ಮಾಂಸ ಕೂಡಿಕೊಳ್ಳಲಿ ಎಂದು ಕಟ್ಟಿದೆ ಎನ್ನುತ್ತಾನೆ ರಾಜ. ಶರೀರವೂ ಹಾಗೆ, ಹುಣ್ಣಿನಂತೆ ನೋಡಿಕೊಳ್ಳುವಂಥದ್ದು. ಮಕ್ಕಳಿಗೆ ಆಟ ಕಲಿಸುತ್ತಾ ಬಿಸಿಲು ಮಾಡಿದ ಹುಣ್ಣಿಗೆ ಅಕ್ಕ ಲೇಪ ಹಚ್ಚಿಸಿಕೊಂಡರೆ ತಣ್ಹಾ ಎಂದು ಕೂಗುವ ಅವಸರ ನಮಗೇಕೆ? ನಮ್ಮ ಗುಂಪಿನಲ್ಲಿ ಹಲ್ಲು ಕಟ್ಟಿಸಿಕೊಂಡವರಿದ್ದಾರೆ, ಕಣ್ಣಿನ ಪೊರೆ ತೆಗೆಸಿಕೊಂಡವರಿದ್ದಾರೆ, ಮೀಸೆಗೆ ಬಣ್ಣ ಹಚ್ಚುವವರೂ ಇದ್ದಾರೆ. ಅವರಿಗೆ ಯಾರೂ ಅನಿತ್ಯ ಬೋಧಿಸಲಿಲ್ಲ.

ಆ ಐದು ನೆನಹುಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಮುಪ್ಪಿಗೆ ಒಳಗಾಗುವವನು ಯಾರು? ನಾನು. ಯೌವನದ ಮದ ಇಳಿಯಲಿ ಎಂದು ಅದನ್ನು ಹೇಳಿದ್ದು. ಆಮೇಲೆ ಸುತ್ತ ಮುಂದಕ್ಕೆ ಹೋಗಿ, ನಾನೊಬ್ಬನೇ ಅಲ್ಲ, ಹುಟ್ಟಿದ ಜೀವಿಗಳೆಲ್ಲವೂ ಹೀಗೆಯೇ ಎಂದು ನೆನೆಯಲು ಹೇಳುತ್ತದೆ. ಎದುರಿಗಿರುವವರ ಮುಖಕ್ಕೆ ಬೆರಳು ತೋರಿಸಿ ‘ನಿನಗೆ ಮುಪ್ಪು ಬಂದಿದೆ, ಒಪ್ಪಿಕೋ’ ಎನ್ನುವುದು ಅಲ್ಲಿ ಎಲ್ಲಿಯೂ ಇಲ್ಲ.

ಹಾಗೆಂದು ಕೇಳಬೇಕಾದ ಪ್ರಶ್ನೆಯೇ ಇಲ್ಲವೆಂದಲ್ಲ. ಇದೆ, ಅಕ್ಕ ಅದನ್ನು ತಾವೇ ಕನ್ನಡಿಯ ಮುಂದೆ ಕೇಳಿಕೊಳ್ಳಬೇಕು. ಕಲೆ ತಿಳಿಯಾಗಲಿ ಎನ್ನುವುದು ಒಂದು ಬಯಕೆ. ಬೆಳ್ಳಗಾಗಬೇಕು, ನಲವತ್ತರವಳಂತೆ ಕಾಣಬೇಕು ಎನ್ನುವುದು ಬೇರೆ. ಮೊದಲನೆಯದಕ್ಕೆ ಡಾಕ್ಟರು ಇಷ್ಟು ಸಿಟ್ಟಿಂಗ್ ಎಂದು ಲೆಕ್ಕ ಹೇಳಬಲ್ಲರು. ಎರಡನೆಯದಕ್ಕೆ ಲೆಕ್ಕವಿಲ್ಲ, ಅದು ಗ್ಲೈಕೋಲಿಕ್‌ನಿಂದ ಇನ್ನೂ ಗಟ್ಟಿಯಾದದ್ದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕರೆದೊಯ್ಯುತ್ತಲೇ ಇರುತ್ತದೆ. ಬಿಸಿಲು ತಾಗಿದರೆ ಬಂಗು ಮರಳಿ ಬರುವುದೂ ಉಂಟು. ಹಾಗೆ ಬಂದ ದಿನ ಮನಸ್ಸು ಏನನ್ನುತ್ತದೆ ಎಂದು ನೋಡಿಕೊಂಡರೆ ತಣ್ಹಾ ಇದೆಯೋ ಇಲ್ಲವೋ ಅವರಿಗೇ ತಿಳಿಯುತ್ತದೆ.

ಅಕ್ಕ ಮೊದಲ ಸಿಟ್ಟಿಂಗ್ ಮುಗಿಸಿದ್ದಾರೆ. ಭಾನುವಾರದ ಅಧ್ಯಯನಕ್ಕೆ ಬರುತ್ತೇನೆ ಎಂದಿದ್ದಾರೆ. ಮುಖದಲ್ಲಿ ಇನ್ನೂ ಸಿಪ್ಪೆ ಏಳುತ್ತಿರಬಹುದು. ಕಿಟಕಿಯ ಬಿಸಿಲು ಬೀಳದ ಕಡೆ ಅವರಿಗೊಂದು ಕುರ್ಚಿ ಹಾಕಿ. ಮುಖದ ಮಾತನ್ನು ಅವರೇ ಎತ್ತಿದರೆ ಆಡೋಣ.

ಭವತು ಸಬ್ಬ ಮಂಗಲಂ.